ಮೆಟ್ಟಿಲಿಲ್ಲದ ವೀಣೆ

ಮದ್ದೂರು ಮಂಡ್ಯಗಳ ನಡುವಣ ಗೆಜ್ಜಲಗೆರೆಯಿಂದ ವಾಚಕ ಸೋದರಿಯೊಬ್ಬರು ನಮಗೆ ಕಾಗದ ಬರೆದಿದ್ದಾರೆ. ಅವರ ಮಾವನವರ ಕಾಲದ ವೀಣೆಯೊಂದು ಅಟ್ಟದಲ್ಲಿ ದೊರೆಯಿತಂತೆ. ದಂಡಿಯ ಮೇಲೆ ಒಂದು ಮೆಟ್ಟಿಲೂ ಇಲ್ಲ. ಊರ ಬಡಗಿಯು ಮೇಣವಿಟ್ಟು 24 ಮೆಟ್ಟಿಲುಗಳನ್ನು ಕೂಡಿಸಿಕೊಡುವೆನೆಂದು ಹೇಳಿದ್ದಾನೆ. ಮಗಳಿಗೆ ವೀಣೆ ಕಲಿಸಬೇಕೆಂಬ ಆಸೆ ತಾಯಿಗಿದೆ. ಕೂಡಿಸಬಹುದೇ ಎಂದು ಕೇಳಿದ್ದಾರೆ.

ಬಡಗಿಯನ್ನು ತಡೆಯಿರೆಂದು ಮೊದಲೇ ಹೇಳಿಬಿಡುತ್ತೇವೆ. ದಂಡಿ ನುಣುಪಾಗಿದೆ, ಮೇಣದ ಗುರುತೇ ಇಲ್ಲ, ದೊಡ್ಡ ತಂತಿಗಳ ಕೆಳಗೆ ಸಣ್ಣ ತಂತಿಗಳ ಸಾಲೊಂದು ಉಂಟು ಎಂದು ಅವರೇ ಬರೆದಿದ್ದಾರೆ. ಇಷ್ಟು ಲಕ್ಷಣ ಸಾಕು. ಅದು ಮೆಟ್ಟಿಲು ಕಳೆದುಕೊಂಡ ವೀಣೆಯಲ್ಲ, ಮೆಟ್ಟಿಲೇ ಬೇಡದ ಗೊಟ್ಟುವಾದ್ಯ. ಚಿತ್ರವೀಣೆಯೆಂದೂ ಅದನ್ನು ಕರೆಯುವರು.

ಕೊಡ, ದಂಡಿ, ಸೋರೆಬುರುಡೆಗಳಲ್ಲಿ ಅದು ವೀಣೆಯ ಒಡಹುಟ್ಟು, ಮರವೂ ಹಲಸಿನದೇ. ನುಡಿಸುವ ಬಗೆ ಮಾತ್ರ ಬೇರೆ. ಬಲಗೈ ತಂತಿಯನ್ನು ಮೀಟುತ್ತದೆ. ಎಡಗೈಯಲ್ಲಿ ಕರಿಮರದ ದುಂಡನೆಯ ತುಂಡೊಂದನ್ನು ಹಿಡಿದು ತಂತಿಯ ಮೇಲೆ ಜಾರಿಸಬೇಕು. ತಂತಿಯನ್ನು ದಂಡಿಗೆ ಒತ್ತುವುದೇ ಇಲ್ಲ. ತುಂಡು ನಿಂತೆಡೆಯೇ ಸ್ವರದ ಮನೆ. ಆದುದರಿಂದ ಅದಕ್ಕೆ ತೂಕವಿರಬೇಕು. ಹಗುರಾದರೆ ತಂತಿ ಅದರ ಕೆಳಗೆ ಕಿರುಗುಟ್ಟುತ್ತದೆ. ಗಮಕವು ಹಾಡುವವರ ಕಂಠದಂತೆ ಎಡೆಬಿಡದೆ ಹರಿಯುವುದು ಈ ಜಾರಿನಿಂದಲೇ. ಕೆಳಗಿನ ಸಣ್ಣ ತಂತಿಗಳನ್ನು ಯಾರೂ ಮೀಟುವುದಿಲ್ಲ, ಮೇಲಿನ ಸ್ವರಕ್ಕೆ ತಾವಾಗಿ ಅನುರಣಿಸುತ್ತವೆ. ಮೇಣದ ಕಟ್ಟೆ ಕಟ್ಟಿದರೆ ಅವಕ್ಕೆ ಎಡೆಯೇ ಉಳಿಯದು; ನುಣುಪಾದ ದಂಡಿಯೂ ಹಾಳಾಗುವುದು.

ತಿರುವಿಡೈಮರುದೂರಿನ ಸಖಾರಾಮ ರಾಯರೂ ಅವರ ಶಿಷ್ಯರಾದ ನಾರಾಯಣ ಅಯ್ಯಂಗಾರ್ಯರೂ (1903–1959) ಈ ವಾದ್ಯಕ್ಕೆ ಕಚೇರಿಯಲ್ಲಿ ಸ್ಥಾನ ಗಳಿಸಿಕೊಟ್ಟರು. ಅಯ್ಯಂಗಾರ್ಯರ ಮೊಮ್ಮಗ ರವಿಕಿರಣರು ಹುಟ್ಟಿದ್ದು ನಮ್ಮ ಮೈಸೂರಿನಲ್ಲಿ, 1967ರಲ್ಲಿ.

ಈ ಜಾರುವಿದ್ಯೆ ನಮ್ಮಲ್ಲಿ ಮಾತ್ರವೇ ಇದ್ದುದಲ್ಲ. ಹವಾಯಿ ದ್ವೀಪದ ಜೋಸೆಫ್ ಕೆಕುಕು ಎಂಬ ಬಾಲಕನು 1889ರ ಸುಮಾರಿಗೆ ಗಿಟಾರಿನ ತಂತಿಯ ಮೇಲೆ ಉಕ್ಕಿನ ತುಂಡನ್ನು ಜಾರಿಸಿದನೆಂದು ಪ್ರಸಿದ್ಧಿ. ತೊಡೆಯ ಮೇಲೆ ಮಲಗಿಸಿ ನುಡಿಸುವ ಆ ಗಿಟಾರಿನಲ್ಲಿ ತಂತಿಗಳು ಎತ್ತರದಲ್ಲಿರುತ್ತವೆ. ಮೆಟ್ಟಿಲಿದ್ದರೂ ಅದು ಕಣ್ಣಿಗೆ ಗುರುತಷ್ಟೆ. ಲಾಸ್ ಏಂಜಲೀಸಿನ ವೈಸೆನ್‌ಬಾರ್ನ್ ಎಂಬಾತನು ಕೋವಾ ಮರದಲ್ಲಿ ಕುತ್ತಿಗೆಯನ್ನೂ ಟೊಳ್ಳಾಗಿ ಕಟ್ಟಿದನು. 1932ರಲ್ಲಿ ರಿಕನ್‌ಬ್ಯಾಕರ್ ಮತ್ತು ಬೋಶಾಂಪರು ಅಲ್ಯೂಮಿನಿಯಮ್ಮನ್ನು ಎರಕ ಹೊಯ್ದು ಮಾಡಿದ ಗಿಟಾರು ಮಾರಾಟಕ್ಕೆ ಬಂತು. ಆಕಾರಕ್ಕಾಗಿ ಜನ ಅದನ್ನು ಬಾಣಲೆಯೆಂದು ಕರೆದರು! ಅದಕ್ಕೆ ಟೊಳ್ಳು ಕೊಡವೇ ಇಲ್ಲ. ಲಾಳದಾಕಾರದ ಅಯಸ್ಕಾಂತಗಳ ನಡುವೆ ತಾಮ್ರದ ಎಳೆಯ ಸುರುಳಿಯಿದ್ದು, ಉಕ್ಕಿನ ತಂತಿಯ ಕಂಪನವು ಅದರಲ್ಲಿ ವಿದ್ಯುತ್ತಾಗಿ ಧ್ವನಿವರ್ಧಕವನ್ನು ಸೇರುತ್ತದೆ. ದೀಪದ ಬಿಸಿಗೆ ಅಲ್ಯೂಮಿನಿಯಮ್ ಹಿಗ್ಗಿ ಶ್ರುತಿ ತಪ್ಪುತ್ತಿದ್ದುದರಿಂದ 1935ರಲ್ಲಿ ಬೇಕಲೈಟಿನದು ಬಂದಿತು. ನಮ್ಮ ಹಲಸಿನ ಮರಕ್ಕೆ ಬಿಸಿಲಿನ ಭಯ, ಅವರ ಲೋಹಕ್ಕೆ ದೀಪದ ಭಯ. ನಮ್ಮ ದೇಶದಲ್ಲಿ ಬ್ರಿಜ್‌ಭೂಷಣ ಕಾಬ್ರಾ ಅವರು ಈ ಗಿಟಾರಿನಲ್ಲಿಯೇ ಹಿಂದೂಸ್ಥಾನಿ ರಾಗಗಳನ್ನು ನುಡಿಸಿ ಹೆಸರಾದರು.

ಸೋದರಿಯು ಈಗ ಮಾಡತಕ್ಕುದಿಷ್ಟು. ವಾದ್ಯವನ್ನು ಅಟ್ಟದ ಹೊಗೆಯಿಂದ ಇಳಿಸಿ, ಬಿಸಿಲಿಗಿಡದೆ, ಒಣಬಟ್ಟೆಯಿಂದ ಒರೆಸಲಿ. ಬಿರಡೆಗಳನ್ನು ಒಮ್ಮೆಲೇ ಬಿಗಿಯದಿರಲಿ. ಕೊಡವೂ ದಂಡಿಯೂ ಕೂಡುವ ಕಡೆ ಬಿರುಕಿದೆಯೇ ಎಂದು ಬೆಳಕಿನಲ್ಲಿ ನೋಡಲಿ. ಬಿರುಕಿದ್ದರೆ ವೀಣೆ ಕಟ್ಟುವ ಕುಶಲಿಗೆ ತೋರಿಸಬೇಕು, ಪೀಠೋಪಕರಣದ ಬಡಗಿಗಲ್ಲ. ತುಕ್ಕು ಹಿಡಿದ ತಂತಿಗಳು ಹೋದರೆ ಚಿಂತೆಯಿಲ್ಲ, ಹೊಸದು ದೊರೆಯುತ್ತದೆ.

ಮಗಳಿಗೆ ವೀಣೆಯೇ ಬೇಕಾದರೆ ಬೇರೆ ವೀಣೆ ಕೊಳ್ಳುವುದು ಲೇಸು. ವೆಚ್ಚವಾಗುವುದು ನಿಜ. ಆದರೆ ಆಕೆಗೆ ಸ್ವರಜ್ಞಾನ ಚೆನ್ನಾಗಿದ್ದರೆ ಗೊಟ್ಟುವಾದ್ಯವನ್ನೇ ಕಲಿಸಬಾರದೇಕೆ? ಕೂದಲೆಳೆಯಷ್ಟು ಸರಿದರೂ ಸ್ವರ ಕೆಡುವುದರಿಂದ ಕಿವಿ ಬಲು ಚುರುಕಾಗಬೇಕು, ಅಷ್ಟೆ.

ಆ ಕರಿಮರದ ತುಂಡಿನ ವಿಷಯ ಕಾಗದದಲ್ಲಿ ಬಂದಿಲ್ಲ. ಗೇಣಿಗಿಂತ ಚಿಕ್ಕದಾದ, ನುಣುಪಾದ, ಭಾರವಾದ ಕರಿಯ ಉರುಳೆಯೊಂದು ಮನೆಯಲ್ಲಿ ಎಲ್ಲಾದರೂ ಇರಬಹುದು. ಪೆಟ್ಟಿಗೆಗಳ ತಳವನ್ನೂ, ಮಕ್ಕಳ ಆಟದ ಸಾಮಾನುಗಳನ್ನೂ, ಅಡುಗೆಮನೆಯ ಲಟ್ಟಣಿಗೆಗಳ ಗುಂಪನ್ನೂ ಒಮ್ಮೆ ಹುಡುಕಿಸಬೇಕೆಂದು ಬಿನ್ನವಿಸುತ್ತೇವೆ.