ಹಳೆಯ ಜೀಪನ್ನು ದೂರಬೇಡಿ

"ಹಳೇ ಜೀಪಲ್ವಾ, ಹಾಗೆಯೇ ಆಗುವುದು." ಹೋದ ಮಳೆಗಾಲದ ಕೊನೆಗೆ ನಮ್ಮ ಜೀಪು ಗುಡ್ಡೆಯ ಇಳಿಜಾರಿನಲ್ಲಿ ಬರೆಗೆ ಗುದ್ದಿ ನಿಂತಾಗ ಊರಿಡೀ ಹೇಳಿದ ಮಾತು ಇದು. ಅಡಿಕೆ ಅಂಗಡಿಯಲ್ಲಿ ಹೇಳಿದರು, ಹಾಲಿನ ಸೊಸೈಟಿಯಲ್ಲಿ ಹೇಳಿದರು, ಆಸ್ಪತ್ರೆಗೆ ನೋಡಲು ಬಂದವರೂ ಹೇಳಿದರು. ಜೀಪಿನಲ್ಲಿ ತೋಟದ ಕೆಲಸದವರು ಆರು ಮಂದಿ ಇದ್ದರು. ಒಬ್ಬ ಹೆಂಗಸಿನ ಮುಂಗೈ ಮೂಳೆ ಮುರಿಯಿತು. ಬಲಗಡೆಯಲ್ಲಿ ಬರೆ ಇದ್ದ ಕಾರಣ ಅಷ್ಟರಲ್ಲೇ ಮುಗಿಯಿತು. ಎಡಗಡೆಯಲ್ಲಿ ಏನಿತ್ತು ಎಂದು ಆ ದಾರಿ ಗೊತ್ತಿದ್ದವರಿಗೆ ನಾನು ಹೇಳಬೇಕಾಗಿಲ್ಲ.

ನಾನು ಹೇಳುವುದು ಇಷ್ಟೇ: ತಪ್ಪು ಜೀಪಿನದ್ದಲ್ಲ. ತಪ್ಪು ನಾವು ಅದಕ್ಕೆ ತೊಡಿಸಿದ ಚಕ್ರದ್ದು. ಇದನ್ನು ಹಣ ಕೊಟ್ಟು ಕಲಿತವನು ನಾನು. ಪುಕ್ಕಟೆಯಾಗಿ ನಿಮಗೆ ಹೇಳುತ್ತಿದ್ದೇನೆ, ಕೇಳಿ.

ಜೀಪು ನನ್ನ ತಂದೆಯವರ ಕಾಲದ್ದು. ಕಾಸರಗೋಡು ಜಿಲ್ಲೆ ಆದದ್ದೇ 1984ರಲ್ಲಿ. ಜೀಪು ಅದಕ್ಕಿಂತ ಎಷ್ಟೋ ಹಿರಿಯದು. ಅಮೆರಿಕದ ವಿಲ್ಲೀಸ್ ಕಂಪೆನಿಯ ಜೀಪನ್ನು ಮಹೀಂದ್ರದವರು ನಮ್ಮ ದೇಶದಲ್ಲಿ ಜೋಡಿಸತೊಡಗಿದರಲ್ಲ, ಆ ವಂಶದ್ದು. ಅದರ ಚಕ್ರ 16 ಇಂಚಿನದ್ದು, ರಿಮ್ಮಿನ ಅಗಲ ಬರೀ ನಾಲ್ಕೂವರೆ ಇಂಚು. ಟಯರಿನ ಅಳತೆ 6.00-16. ನೋಡಲಿಕ್ಕೆ ಸಣಕಲು, ಎಮ್ಮೆಗೆ ಆಡಿನ ಕಾಲು ಇಟ್ಟ ಹಾಗೆ. ಮಗನಿಗೆ ಅದೇ ಅಸಮಾಧಾನ. "ಅಪ್ಪ, ಎಲ್ಲರ ಜೀಪು ನೋಡಿ, ನಮ್ಮದು ನೋಡಿ" ಎಂದು ಎರಡು ವರ್ಷ ಹೇಳಿದ. ರಿಮ್ಮುಗಳಲ್ಲಿ ಎರಡು ತುಕ್ಕು ಹಿಡಿದು ಟ್ಯೂಬು ಕಚ್ಚುತ್ತಿತ್ತು. ಹೇಗೂ ಬದಲಾಯಿಸಬೇಕಿತ್ತು, ಹೂಂ ಅಂದೆ. ಇಲ್ಲಿಯವರೆಗೆ ತಪ್ಪಿಲ್ಲ.

ಪೇಟೆಯ ಅಂಗಡಿಯವನು (ಹೆಸರು ಬೇಡ, ಅಂಥವರು ಊರಿಗೆ ನಾಲ್ಕು ಮಂದಿ ಇದ್ದಾರೆ) 15 ಇಂಚಿನ ಎಂಟಿಂಚು ಅಗಲದ ರಿಮ್ಮು ತೋರಿಸಿದ. ಅದಕ್ಕೆ ಹತ್ತೂವರೆ ಇಂಚು ಅಗಲದ, 31 ಇಂಚು ಎತ್ತರದ ಟಯರು.

"ಕೂಡ್ತದಾ?" ಎಂದು ಕೇಳಿದೆ.

"ತೂತಿಗೆ ತೂತು ಕೂಡ್ತದೆ ಅಣ್ಣಾ, ಮತ್ತೆಂತ ಬೇಕು?" ಎಂದ.

ತೂತಿಗೆ ತೂತು ಕೂಡಿತು, ಸುಳ್ಳಲ್ಲ. ಜೀಪಿನ ಐದು ಸ್ಟಡ್ಡುಗಳು ಐದೂವರೆ ಇಂಚಿನ, ಅಂದರೆ 139.7 ಮಿಲಿಮೀಟರಿನ ವೃತ್ತದ ಮೇಲೆ ನಿಂತಿರುತ್ತವೆ. ಮಾರುತಿ ಜಿಪ್ಸಿಗೂ ಅದೇ ವೃತ್ತ. ಹಾಗಾಗಿ ಪೇಟೆಯಲ್ಲಿ ಸಿಗುವ ಹತ್ತು ಬಗೆಯ ರಿಮ್ಮು ಜೀಪಿಗೆ ಸಲೀಸಾಗಿ ಕುಳಿತುಕೊಳ್ಳುತ್ತದೆ. ಚಪ್ಪಲಿಯೊಳಗೆ ಕಾಲು ಹೋದರೆ ಆಯಿತು, ಓಡಲಿಕ್ಕೆ ಆಗಬೇಕೆಂದಿಲ್ಲ ಎನ್ನುವ ವ್ಯಾಪಾರ ಇದು.

ಚಕ್ರ ಮಡ್‌ಗಾರ್ಡಿನಿಂದ ನಾಲ್ಕು ಬೆರಳು ಹೊರಗೆ ಬಂತು. ಮಗನಿಗೆ ಬೇಕಾದ್ದೂ ಅದೇ. ಆದರೆ ಹೊರಗೆ ಬಂದದ್ದು ಚಂದ ಮಾತ್ರ ಅಲ್ಲ, ಭಾರವೂ ಹೊರಗೆ ಬಂತು. ನೀರು ತುಂಬಿದ ಕೊಡಪಾನವನ್ನು ಸೊಂಟಕ್ಕೆ ಒತ್ತಿ ಹಿಡಿದರೆ ಬಾವಿಯಿಂದ ಮನೆಗೆ ಬರಬಹುದು. ಅದೇ ಕೊಡಪಾನವನ್ನು ಕೈ ಚಾಚಿ ಹಿಡಿದು ಹತ್ತು ಹೆಜ್ಜೆ ಹಾಕಿ ನೋಡಿ. ಕೊಡಪಾನ ಅದೇ, ನೀರು ಅಷ್ಟೇ, ಭುಜ ಮಾತ್ರ ಕಿತ್ತು ಬರುತ್ತದೆ. ಜೀಪಿನ ಭುಜ ಎಂದರೆ ಹಬ್ಬಿನ ಬೇರಿಂಗು ಮತ್ತು ಕಿಂಗ್ ಪಿನ್ನು. ಆ ನಾಲ್ಕೂವರೆ ಇಂಚಿನ ರಿಮ್ಮನ್ನು ಮಾಡಿದವರು ಭಾರ ಬೇರಿಂಗಿನ ಸಮೀಪ ಬೀಳುವಂತೆ ಲೆಕ್ಕ ಹಾಕಿ ಮಾಡಿದ್ದಾರೆ. ಅದನ್ನು ಹೊರಗೆ ಎಳೆದರೆ ಒಂದೊಂದು ಹೊಂಡಕ್ಕೂ ಚಕ್ರವು ಸ್ಟಿಯರಿಂಗನ್ನು ಕೈಯಿಂದ ಕಿತ್ತುಕೊಳ್ಳಲು ನೋಡುತ್ತದೆ. ಈ ಜೀಪಿಗೆ ಪವರ್ ಸ್ಟಿಯರಿಂಗ್ ಇಲ್ಲ, ನೆನಪಿರಲಿ. ಹೆಬ್ಬೆರಳು ಒಳಗಿಟ್ಟು ಹಿಡಿದವನ ಹೆಬ್ಬೆರಳು ಉಳಿಯುವುದು ಕಷ್ಟ.

ನಮ್ಮದು ಮೂರು ತಿಂಗಳು ತಡೆಯಿತು. ಮೊದಲು ಮುಂದಿನ ಎಡ ಚಕ್ರದಲ್ಲಿ ಗುಂಯ್ ಎನ್ನುವ ಸದ್ದು. ಡ್ರೈವರು ಎರಡು ಸಲ ಹೇಳಿದ, ನಾನು ಅಡಿಕೆ ಕೊಯ್ಲು ಮುಗಿಯಲಿ ಅಂದೆ. ಇದು ನನ್ನ ತಪ್ಪು, ಒಪ್ಪುತ್ತೇನೆ. ಕಡೆಗೆ ಇಳಿಜಾರಿನಲ್ಲಿ ಬೇರಿಂಗು ಪುಡಿಯಾಗಿ ಚಕ್ರ ಓಲಾಡಿ, ಜೀಪು ಎಡಕ್ಕೆ ಎಳೆಯಿತು. ಅವನು ಬಲಕ್ಕೆ ತಿರುಗಿಸಿ ಬರೆಗೆ ಕೊಟ್ಟ. ಬುದ್ಧಿವಂತ.

ಬ್ರೇಕಿನ ಕಥೆ ಬೇರೆ. ಹಳೆಯ ಟಯರಿನ ಎತ್ತರ ಸುಮಾರು ಇಪ್ಪತ್ತೆಂಟೂವರೆ ಇಂಚು, ಹೊಸದ್ದು 31. ಒಳಗಿನ ಡ್ರಮ್ಮು ಮಾತ್ರ ಅದೇ 9 ಇಂಚಿನದ್ದು. ದೊಡ್ಡ ಚಕ್ರವನ್ನು ಅದೇ ಸಣ್ಣ ಡ್ರಮ್ಮಿನಿಂದ ಹಿಡಿದು ನಿಲ್ಲಿಸಬೇಕು, ಪೆಡಲನ್ನು ಅಷ್ಟು ಹೆಚ್ಚು ಒತ್ತಬೇಕು. ಮೀಟರಿನ ಮುಳ್ಳು 40 ತೋರಿಸುವಾಗ ಜೀಪು 43ಕ್ಕೂ ಮೇಲೆ ಓಡುತ್ತಿರುತ್ತದೆ. ಅಂದರೆ ವೇಗ ಹೆಚ್ಚು, ಬ್ರೇಕು ಕಡಿಮೆ, ಮತ್ತು ಎರಡೂ ಡ್ರೈವರಿಗೆ ಗೊತ್ತಾಗುವುದಿಲ್ಲ.

"ಅಗಲ ಟಯರು ಕೆಸರಿನಲ್ಲಿ ಒಳ್ಳೆ ಹಿಡೀತದೆ" ಎನ್ನುವವರಿಗೆ ಒಂದು ಮಾತು. ಕುಂಬಳೆ, ಉಪ್ಪಳದ ಕಡಲ ಕರೆಯ ಹೊಯಿಗೆಯಲ್ಲಿ ಹೌದು, ಅಗಲ ಇದ್ದರೆ ಹೂತುಹೋಗುವುದಿಲ್ಲ. ನಮ್ಮ ಗುಡ್ಡೆಯ ಕೆಂಪು ಮಣ್ಣಿನಲ್ಲಿ ಮೇಲೆ ನಾಲ್ಕು ಬೆರಳು ಲೊಳೆ, ಅಡಿಯಲ್ಲಿ ಗಟ್ಟಿ ಮುರಕಲ್ಲು. ಸಣಕಲು ಟಯರು ಲೊಳೆಯನ್ನು ಸೀಳಿ ಕಲ್ಲನ್ನು ಹಿಡಿಯುತ್ತದೆ. ಅಗಲದ್ದು ಲೊಳೆಯ ಮೇಲೆಯೇ ಜಾರುತ್ತದೆ, ಗದ್ದೆಯ ಬದುವಿನಲ್ಲಿ ಹವಾಯಿ ಚಪ್ಪಲಿ ಹಾಕಿ ನಡೆದ ಹಾಗೆ. ಆಟಿ ತಿಂಗಳಿನಲ್ಲಿ ನಾನೇ ನೋಡಿದ್ದೇನೆ: ತಂದೆಯವರು ಸಣಕಲು ಟಯರಿನಲ್ಲಿ ಗೊಬ್ಬರ ಹೊರಿಸಿ ಹತ್ತಿಸಿದ ಏರನ್ನು ಈ ಗಡದ್ದು ಟಯರು ಖಾಲಿ ಹತ್ತಲಿಲ್ಲ.

ಹಾಗಾದರೆ ಹಳೆಯದೇ ಇರಲಿ ಎನ್ನುವ ಪಕ್ಷದವರಿಗೂ ನನ್ನ ಕೈಮುಗಿತ ಇಲ್ಲ. ಅವರೂ ಅಷ್ಟೇ ಅಪಾಯ. ಜೀಪನ್ನು ತೊಳೆದು ಒರೆಸಿ ಅಂಗಳದಲ್ಲಿ ನಿಲ್ಲಿಸುವ ಈ ಮಂದಿ "ಒರಿಜಿನಲ್" ಎಂಬ ಶಬ್ದ ಕೇಳಿದರೆ ತುಕ್ಕನ್ನೂ ಕಣ್ಣಿಗೊತ್ತಿಕೊಳ್ಳುತ್ತಾರೆ. ಗುಜರಿಯಿಂದ ಮಿಲಿಟರಿ ಜೀಪಿನ ರಿಮ್ಮು ತರುತ್ತಾರೆ. ಅದರಲ್ಲಿ ಒಂದು ಜಾತಿ ಎರಡು ಹೋಳಿನದ್ದು, ಹೋಳುಗಳನ್ನು ಸುತ್ತಲೂ ನಟ್ಟು ಹಾಕಿ ಬಿಗಿದಿರುತ್ತಾರೆ. ಚಕ್ರ ಬಿಚ್ಚುವ ನಟ್ಟು ಯಾವುದು, ಹೋಳು ಬಿಚ್ಚುವ ನಟ್ಟು ಯಾವುದು ಎಂದು ತಿಳಿಯದ ಹುಡುಗ ಗಾಳಿ ಇರುವಾಗಲೇ ಎರಡನೆಯದನ್ನು ಬಿಚ್ಚಿದರೆ ಹೋಳು ಸಿಡಿದು ಮುಖಕ್ಕೆ ಬರುತ್ತದೆ. ಜೀವ ಹೋಗುವ ವಿಷಯ ಇದು. ವಾಲ್ವು ತೆಗೆದು ಗಾಳಿ ಪೂರ್ತಿ ಖಾಲಿ ಮಾಡದೆ ಅಂಥ ರಿಮ್ಮಿಗೆ ಸ್ಪ್ಯಾನರ್ ಮುಟ್ಟಿಸಬಾರದು.

ಟಯರಿನ ವಿಷಯದಲ್ಲಿಯೂ ಹಾಗೆಯೇ. "ಗುಂಡಿ ಎಲ್ಲ ಹೊಸದರ ಹಾಗೆಯೇ ಉಂಟು ಮಾರಾಯ್ರೆ" ಎಂದು ಮೂವತ್ತು ವರ್ಷದ ಟಯರು ತೋರಿಸುತ್ತಾರೆ. ಓಡದ ಟಯರು ಸವೆಯುವುದಿಲ್ಲ, ಆದರೆ ಕೂತಲ್ಲಿಯೇ ಮುದಿಯಾಗುತ್ತದೆ. ರಬ್ಬರು ತೋಟ ಇರುವ ನಮಗೆ ಇದನ್ನು ಬೇರೆಯವರು ಹೇಳಬೇಕಾ? ಈಗಿನ ಟಯರಿನ ಪಕ್ಕದಲ್ಲಿ ನಾಲ್ಕು ಅಂಕೆ ಒತ್ತಿರುತ್ತಾರೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ಆದದ್ದು ಎಂದು ಅರ್ಥ. ಅಂಗಡಿಯಲ್ಲಿ ಮೊದಲು ಅದನ್ನು ಓದಿ, ಬೆಲೆ ಆಮೇಲೆ ಕೇಳಿ.

ಇನ್ನೊಂದು ಮೋಸ. 6.00-16 ಎನ್ನುವುದು ಟ್ರ್ಯಾಕ್ಟರಿನ ಮುಂದಿನ ಚಕ್ರದ ಅಳತೆಯೂ ಹೌದು. ಉದ್ದಕ್ಕೆ ಮೂರು ಗೆರೆ ಎದ್ದಿರುವ ಟಯರು ಅದು. ಅಳತೆ ಸರಿ ಎಂದು ಜೀಪಿಗೆ ಹಾಕಿ ಕಳಿಸುವವರಿದ್ದಾರೆ. ಗದ್ದೆಯಲ್ಲಿ ನಿಧಾನ ಹೋಗಲಿಕ್ಕೆ ಮಾಡಿದ ಟಯರು ಅದು, ಡಾಮರು ರಸ್ತೆಯಲ್ಲಿ ಅರವತ್ತರಲ್ಲಿ ಓಡಲಿಕ್ಕೆ ಅಲ್ಲ.

ಹಾಗಾದರೆ ಎಂತ ಹಾಕಬೇಕು? ಹೊಸ ಉಕ್ಕಿನ ರಿಮ್ಮು, ಹಳೆಯ ಅಳತೆಯಲ್ಲಿ. 16 ಇಂಚಿನ ನಾಲ್ಕೂವರೆಯದ್ದು ಹುಡುಕಿದರೆ ಸಿಗುತ್ತದೆ. ಜೀಪಿಗೆಂದೇ ಮಾಡಿದ 6.00-16 ಟಯರು, ಒಳಗೆ ಟ್ಯೂಬು. ಅಂಗಡಿಗೆ ಹೋಗುವಾಗ ಹಳೆಯ ರಿಮ್ಮು ಒಂದನ್ನು ಹೊತ್ತುಕೊಂಡು ಹೋಗಿ. ಎರಡನ್ನೂ ಕವುಚಿ ಮಲಗಿಸಿ, ಮೇಲೆ ಕೋಲು ಅಡ್ಡ ಇಟ್ಟು, ಕೋಲಿನಿಂದ ಹಬ್ಬಿಗೆ ತಾಗುವ ಮುಖದವರೆಗೆ ಸ್ಕೇಲಿನಲ್ಲಿ ಅಳೆಯಿರಿ. ರಿಮ್ಮಿನ ಅಗಲವೂ ಈ ಆಳವೂ ಹಳೆಯದಕ್ಕೆ ಕೂಡಿದರೆ ಭಾರ ಬೀಳಬೇಕಾದಲ್ಲಿಯೇ ಬೀಳುತ್ತದೆ.

ತೂತಿನ ವೃತ್ತ ಅಳೆಯುವುದು ಮಾಷ್ಟ್ರುಗಳಿಗೆ ಒಳ್ಳೆಯ ಪಾಠ. ಐದು ತೂತು ಇದ್ದರೆ ಎದುರುಬದುರು ತೂತು ಇರುವುದಿಲ್ಲ, ನೇರ ಅಳೆಯಲು ಬರುವುದಿಲ್ಲ. ಪಕ್ಕಪಕ್ಕದ ಎರಡು ತೂತುಗಳ ಒಂದೇ ಕಡೆಯ ಅಂಚಿನಿಂದ ಅಂಚಿಗೆ ಅಳೆದು 1.7ರಿಂದ ಗುಣಿಸಿದರೆ ವೃತ್ತದ ವ್ಯಾಸ ಸಿಗುತ್ತದೆ. ಜೀಪಿನಲ್ಲಿ ಅದು 82 ಮಿಲಿಮೀಟರು ಬರಬೇಕು. ಯಾಕೆ 1.7 ಎಂದು ಹತ್ತನೆಯ ಕ್ಲಾಸಿನ ಮಕ್ಕಳು ಸೈನು ಹಾಕಿ ತೋರಿಸಲಿ. ಕಾರು ಇರುವವರಿಗೂ ಈ ಲೆಕ್ಕ ಬೇಕು. ಫಿಯಾಟ್ ಪಾಲಿಯೊದ ನಾಲ್ಕು ತೂತಿನ ವೃತ್ತ 98, ಮಾರುತಿ ಸ್ವಿಫ್ಟಿನದ್ದು 100. ಎರಡೇ ಮಿಲಿಮೀಟರು ಎಂದು ಒತ್ತಿ ಬಿಗಿದರೆ ಕುಳಿತ ಹಾಗೆ ಕಾಣುತ್ತದೆ. ಒಂದೂ ಸರಿಯಾಗಿ ಕುಳಿತಿರುವುದಿಲ್ಲ, ಓಡುತ್ತಾ ಓಡುತ್ತಾ ಸಡಿಲವಾಗುತ್ತದೆ.

ನಟ್ಟನ್ನು ಲೆಕ್ಕಕ್ಕೇ ಇಡದವರು ಹೆಚ್ಚು. ಜೀಪಿನ ಸ್ಟಡ್ಡು ಅರ್ಧ ಇಂಚಿನದ್ದು, ಇಂಚಿಗೆ 20 ಎಳೆ. ದಪ್ಪ ಅಲಾಯ್ ಹಾಕಿದರೆ ಸ್ಟಡ್ಡಿನ ತುದಿ ಮಾತ್ರ ನಟ್ಟಿಗೆ ಸಿಗುತ್ತದೆ. ಕೈಯಲ್ಲಿ ತಿರುಗಿಸಿ ಎಣಿಸಿ: ಹತ್ತು ಸುತ್ತಾದರೂ ಆಗಬೇಕು. ನಾಲ್ಕೈದು ಸುತ್ತಿಗೇ ಬಿಗಿಯಾದರೆ ಆ ರಿಮ್ಮು ಬೇಡ. ಹಳೆಯ ಜೀಪುಗಳಲ್ಲಿ ಎಡಗಡೆಯ ಚಕ್ರಗಳ ಎಳೆ ಉಲ್ಟಾ ಇರುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ಬಿಚ್ಚಲು ಬಲಕ್ಕೆ ತಿರುಗಿಸಬೇಕು. ಪಂಕ್ಚರ್ ಅಂಗಡಿಯ ಹೊಸ ಹುಡುಗರು ಪೈಪು ಹಾಕಿ ಎಡಕ್ಕೆ ಒತ್ತಿ ಸ್ಟಡ್ಡು ಕಡಿದದ್ದನ್ನು ನಾನು ಎರಡು ಸಲ ಕಂಡಿದ್ದೇನೆ. ಎರಡು ಸಲವೂ "ಹಳೇ ಜೀಪಲ್ವಾ" ಎಂದೇ ಹೇಳಿದರು.

ಕಾಯ್ದೆ ಹೇಳುವುದೂ ಬೇರೆ ಏನಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ವಿವರ ತಪ್ಪುವಂತೆ ವಾಹನವನ್ನು ಬದಲಾಯಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ್ದೇ ಒಂದು ಪ್ರಕರಣದಲ್ಲಿ ಅದನ್ನು ಎತ್ತಿ ಹೇಳಿತು. 2021ರಲ್ಲಿ ಐವತ್ತು ವರ್ಷ ದಾಟಿದ ವಾಹನಗಳಿಗೆ "ವಿಂಟೇಜ್" ನೋಂದಣಿ ಬಂತು. ಇಪ್ಪತ್ತು ಸಾವಿರ ಕಟ್ಟಿದರೆ ಹತ್ತು ವರ್ಷಕ್ಕೆ ಸಿಗುತ್ತದೆ, ಆದರೆ ಆಮೇಲೆ ಪ್ರದರ್ಶನ, ರ‍್ಯಾಲಿ, ರಿಪೇರಿ ಇಂಥದ್ದಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು. ದಿಲ್ಲಿಯವರ ಕಣ್ಣಿನಲ್ಲಿ ಐವತ್ತು ವರ್ಷದ ಜೀಪು ಶೋಕಿಯ ವಸ್ತು. ನಮ್ಮಲ್ಲಿ ಅದು ಗೊಬ್ಬರ ಹೊರುತ್ತದೆ, ಬಸ್ಸು ಬಾರದ ಗುಡ್ಡೆಯಿಂದ ರಾತ್ರಿ ಎರಡು ಗಂಟೆಗೆ ಬಸುರಿಯನ್ನು ಇಳಿಸುತ್ತದೆ. ನಾನು ಆ ನೋಂದಣಿಗೆ ಹೋಗಲಿಲ್ಲ. ದುಡಿಯುವ ಜೀಪು ಎಂಬ ಕಾರಣಕ್ಕೇ ಅದರ ಚಕ್ರದಲ್ಲಿ ಶೋಕಿಗೆ ಜಾಗ ಇಲ್ಲ ಎನ್ನುವುದು ನನ್ನ ಜಗಳ.

ಅಂಗಡಿಯವನ ಹತ್ತಿರ ಹೋಗಿ ಕೇಳಿದೆ. "ನಾನು ಕೊಟ್ಟ ರಿಮ್ಮು ಮುರಿದಿದೆಯಾ ಅಣ್ಣಾ?" ಎಂದ. ಮುರಿದಿರಲಿಲ್ಲ. ಗೀರು ಕೂಡ ಬಿದ್ದಿರಲಿಲ್ಲ. ಮುರಿದದ್ದು ಬೇರಿಂಗು ಮತ್ತು ಒಂದು ಹೆಂಗಸಿನ ಕೈ. ಕೊಯ್ಲಿನ ಸಮಯದಲ್ಲಿ ಎರಡು ತಿಂಗಳು ಆಕೆ ಕೆಲಸಕ್ಕೆ ಬರಲಾಗಲಿಲ್ಲ. ಆ ದಿನಗಳ ಕೂಲಿ ನಾನು ಕೊಟ್ಟೆ, ಅವನು ಕೊಡಲಿಲ್ಲ.

ಈಗ ಜೀಪಿಗೆ ಹೊಸ ಬೇರಿಂಗು, ಹೊಸ ಸಣಕಲು ಚಕ್ರ ಹಾಕಿದ್ದೇನೆ. ಅಗಲ ಚಕ್ರಕ್ಕೆ ಕೊಟ್ಟದ್ದರ ಅರ್ಧವೂ ಆಗಲಿಲ್ಲ. ಮಗ ಎರಡು ದಿನ ಮುಖ ಊದಿಸಿದ, ಮೂರನೆಯ ದಿನ ತಾನೇ ಓಡಿಸಿಕೊಂಡು ಹೋದ. ಆ ನಾಲ್ಕು ಗಡದ್ದು ಚಕ್ರ ಅಡಿಕೆ ಕೊಟ್ಟಿಗೆಯಲ್ಲಿ ಬಿದ್ದುಕೊಂಡಿವೆ. ಕಳೆದ ವಾರ ಒಬ್ಬರು ಒಳ್ಳೆ ಬೆಲೆ ಹೇಳಿಕೊಂಡು ಬಂದರು. ಯಾವುದಕ್ಕೆ ಎಂದು ಕೇಳಿದೆ. ಜೀಪಿಗೆ ಅಂದರು. ಚಹಾ ಕುಡಿಸಿ ಕಳಿಸಿದೆ, ಚಕ್ರ ಕೊಡಲಿಲ್ಲ. ಗೊಬ್ಬರ ಎಳೆಯುವ ಕೈಗಾಡಿಗೆ ಯಾರಿಗಾದರೂ ಬೇಕಾದರೆ ಬನ್ನಿ, ಪುಕ್ಕಟೆ ಕೊಡುತ್ತೇನೆ.