ಅಜ್ಜನ ಕಟ್ಟೆ: ಕಾಮಣಿಯಾದವರ ನಿದ್ದೆ

ಮಕ್ಕಳೇ, ಈ ವಾರ ಪಾಠ ಹೇಳಿದ್ದು ನಾನಲ್ಲ, ನನ್ನ ಮೊಮ್ಮಗಳು. ಹುಬ್ಬಳ್ಳಿಯಲ್ಲಿ ಡಾಕ್ಟರಕಿ ಕಲಿಯುತ್ತಾಳೆ. ಪರೀಕ್ಷೆಗೆ ಓದಿಕೊಳ್ಳಲು ಯಮಕನಮರಡಿಗೆ ಬಂದಿದ್ದಾಳೆ. ನನ್ನ ಕೈಗೆ ಪುಸ್ತಕ ಕೊಟ್ಟು, "ಅಜ್ಜಾ, ನೀ ಕೇಳು, ನಾ ಹೇಳ್ತೀನಿ" ಅಂದಳು.

"ಲಿವರ್ ಒಮ್ಮೆಲೇ ಕೈಕೊಟ್ಟದ್ದು ಗೊತ್ತಾಗೋದು ಹೆಂಗವಾ?"

"ಮೊದಲು ಲಿವರ್ ಚಲೋ ಇದ್ದವರಿಗೆ ಕೆಲವೇ ದಿನ, ವಾರದಾಗ ಕಾಮಣಿ ಏರತೈತಿ. ರಕ್ತ ಲಗೂನ ಹೆಪ್ಪುಗಟ್ಟಂಗಿಲ್ಲ, ಐಎನ್‌ಆರ್ 1.5 ಇಲ್ಲಾ ಅದಕ್ಕಿಂತ ಹೆಚ್ಚು. ಜೋಡಿಗೆ ಬುದ್ಧಿ ಮಂಕಾಗತೈತಿ."

"ಲಿವರ್ ಇರೋದು ಹೊಟ್ಟ್ಯಾಗ, ಬುದ್ಧಿ ಯಾಕ ಕೆಡತೈತಿ?" ಅಂದ ಐದನೇ ಇಯತ್ತೆಯ ಮೊಮ್ಮಗ.

ಕರುಳಿನಲ್ಲಿ ಹುಟ್ಟುವ ಅಮೋನಿಯಾವನ್ನು ಲಿವರ್ ತೆಗೆದುಹಾಕುತ್ತದೆಯಂತೆ. ಅದು ಸೋತರೆ ಆ ವಿಷ ಮಿದುಳಿಗೆ ಹೋಗುತ್ತದೆ. ರೋಗಿ ಹಗಲು ಮಲಗಿ ರಾತ್ರಿ ಎಚ್ಚರವಿರುತ್ತಾನೆ, ಏನೇನೋ ಮಾತಾಡುತ್ತಾನೆ. ಚಾಚಿದ ಅಂಗೈ ಹಕ್ಕಿಯ ರೆಕ್ಕೆಯಂತೆ ಬಡಿಯುತ್ತದೆ. ಬರೆಯುವ ಅಕ್ಷರವೂ ಕೆಡುತ್ತದೆ.

ನಾನು ಪುಸ್ತಕ ಮಡಚಿದೆ. ಅರವತ್ತು ವರ್ಷದ ಹಿಂದೆ ನನ್ನ ತಂಗಿಗೆ ಕಾಮಣಿಯಾಗಿತ್ತು. ಸೊಪ್ಪಿನ ರಸ ಕುಡಿಸಿದರು, ಮುಂಗೈಗೆ ಬರೆ ಹಾಕಿಸಿದರು. ಎಂಟನೇ ದಿನ ಹಗಲೆಲ್ಲ ಮಲಗಿದಳು. "ಕೂಸು ದಣದೈತಿ, ಎಬ್ಬಿಸಬ್ಯಾಡ್ರಿ" ಅಂದರು ಹಿರಿಯರು. ನಾನೇ ಹೊಸ್ತಿಲ ಮೇಲೆ ಕೂತು ಗದ್ದಲ ಮಾಡುವವರನ್ನು ಓಡಿಸಿದೆ. ಅವಳು ಮತ್ತೆ ಏಳಲಿಲ್ಲ.

ಮೊಮ್ಮಗಳು ತುಸು ಹೊತ್ತು ಸುಮ್ಮನಿದ್ದು, "ಮುಂದಿಂದು ಕೇಳಜ್ಜಾ" ಅಂದಳು.

ಆಸ್ಪತ್ರೆಯಲ್ಲಿ ಮೊದಲು ರಕ್ತದ ಸಕ್ಕರೆ ನೋಡಬೇಕು. ಲಿವರ್ ಸೋತಾಗ ಅದು ದಿಢೀರನೆ ಇಳಿಯುತ್ತದೆ. ತಲೆಯ ಕಡೆ ಮಂಚವನ್ನು 30 ಡಿಗ್ರಿ ಎತ್ತಬೇಕು. ನಿದ್ದೆ ಮಾತ್ರೆ ಕೂಡದು. ಪ್ಯಾರಾಸಿಟಮಾಲ್ ಅತಿಯಾಗಿದ್ದರೆ ಅಸಿಟೈಲ್‌ಸಿಸ್ಟೀನ್ ಎಂಬ ಮದ್ದಿದೆ, 8 ಗಂಟೆಯೊಳಗೆ ಸಿಕ್ಕರೆ ಬಹಳ ಒಳ್ಳೆಯದು. ಲಿವರ್ ಕಸಿ ಮಾಡುವ ದೊಡ್ಡ ಆಸ್ಪತ್ರೆಗೆ ತಡಮಾಡದೆ ತಿಳಿಸಬೇಕು. (ಅಜ್ಜ ಅಜ್ಜಿಯರೇ, ನೆಗಡಿಯ ಎಷ್ಟೋ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ. ಜ್ವರದ ಮಾತ್ರೆ ಜೊತೆ ಕೂಡಿಸಿ ನುಂಗುವ ಮೊದಲು ಚೀಟಿ ಓದಿಸಿ.)

"ಕಾಮಣಿಯಾದ ಬಹಳ ಮಂದಿ ತಾವಾಗೇ ಗುಣ ಆಗ್ತಾರಜ್ಜಾ. ಕಣ್ಣು ಹಳದಿ ಆತಂತ ಗಾಬರಿ ಬ್ಯಾಡ. ಮಂಪರು ಬಂತಂದ್ರ ಮಾತ್ರ ಒಂದು ತಾಸೂ ಕಾಯಬಾರದು. ತಗೊಂಡ ಔಷಧಿ ಎಲ್ಲಾ ಚೀಲದಾಗ ಹಾಕ್ಕೊಂಡು ಹೊಂಡಬೇಕು."

ಆಗ ಎತ್ತಿನ ಗಾಡಿಯಿತ್ತು. ಈಗ 108 ಇದೆ, ಹತ್ತರಗಿ ಬಳಿ ಹೆದ್ದಾರಿ ಹಿಡಿದರೆ ಬೆಳಗಾವಿ.

ಅಷ್ಟರಲ್ಲಿ ಮೊಮ್ಮಗ ಪಾಟಿಯ ಮೇಲೆ ಹೆಸರು ಬರೆದು ತಂದ. ಅಕ್ಷರಗಳೆಲ್ಲ ಸೊಟ್ಟ.

"ಅಕ್ಕಾ, ನನ್ನ ಲಿವರ್ ಬರೋಬರಿ ಐತೇನ?"