ದೂರದ ನಾಲಗೆಗೂ ಹೊಣೆಯುಂಟು

ಕತ್ತಿ ಬೀಸಿದವನನ್ನು ಕೊಲೆಗಾರನೆಂದು ಕರೆಯಲು ಯಾರೂ ಹಿಂಜರಿಯುವುದಿಲ್ಲ. ಆ ಕತ್ತಿಯನ್ನು ಒದಗಿಸಿ, ಬೀಸೆಂದು ಪ್ರೇರೇಪಿಸಿ, ಸಾವಿರಾರು ಮೈಲಿ ದೂರದ ಸುರಕ್ಷಿತ ನಾಡಿನಲ್ಲಿ ನೆಮ್ಮದಿಯಾಗಿ ಕುಳಿತವನನ್ನು ಮಾತ್ರ ಲೋಕವು ಬಹುಕಾಲ ‘ನಾಯಕ’ನೆಂದೇ ಕರೆಯುತ್ತ ಬಂದಿದೆ. ಈ ಅನ್ಯಾಯದ ರೂಢಿಗೆ ಫಿನ್ಲೆಂಡಿನ ಒಂದು ಜಿಲ್ಲಾ ನ್ಯಾಯಾಲಯ 2025ರ ಸೆಪ್ಟೆಂಬರ್ 1ರಂದು ತಕ್ಕ ಉತ್ತರವನ್ನಿತ್ತಿತು.

ಸೈಮನ್ ಎಕ್ಪಾ ನೈಜೀರಿಯಾ ಮೂಲದ ಫಿನ್ಲೆಂಡ್ ಪ್ರಜೆ. ಲಾಹ್ತಿ ನಗರದ ಸ್ಥಳೀಯ ರಾಜಕಾರಣದಲ್ಲಿಯೂ ಇದ್ದಾತ. ನೈಜೀರಿಯಾದ ಆಗ್ನೇಯ ಭಾಗವನ್ನು ‘ಬಿಯಾಫ್ರಾ’ ಎಂಬ ಸ್ವತಂತ್ರ ರಾಷ್ಟ್ರವಾಗಿಸಬೇಕೆಂಬುದು ಆತನ ಗುರಿ. 2021ರಿಂದ 2024ರವರೆಗೆ ಆತ ಅಲ್ಲಿನ ಸಶಸ್ತ್ರ ಗುಂಪುಗಳಿಗೆ ಆಯುಧ, ಸ್ಫೋಟಕ, ಮದ್ದುಗುಂಡುಗಳನ್ನು ಒದಗಿಸಿದನೆಂದೂ, ಸಾಮಾಜಿಕ ಜಾಲತಾಣಗಳ ಮೂಲಕ ಅಪರಾಧಕ್ಕೆ ಜನರನ್ನು ಪ್ರಚೋದಿಸಿದನೆಂದೂ ನ್ಯಾಯಾಲಯವು ನಿರ್ಣಯಿಸಿ 6 ವರ್ಷಗಳ ಸೆರೆವಾಸ ವಿಧಿಸಿತು. ಆತ ಆರೋಪಗಳನ್ನು ನಿರಾಕರಿಸಿದ್ದ.

ಆತನ ಕರೆಗಳ ಪರಿಣಾಮವೇನು? ‘ಮನೆಯಲ್ಲೇ ಇರಿ’ ಎಂಬ ಆಜ್ಞೆ ಹೊರಟ ದಿನಗಳಲ್ಲಿ ಆಗ್ನೇಯ ನೈಜೀರಿಯಾದ ಮಾರುಕಟ್ಟೆಗಳೂ ಶಾಲೆಗಳೂ ಮುಚ್ಚಿದವು. ಅದನ್ನು ಮೀರಿದವರು ಪ್ರಾಣಭಯದಲ್ಲಿ ಬದುಕಿದರು. ಕೆಲವರು ಪ್ರಾಣವನ್ನೇ ತೆತ್ತರು. ದಿನಗೂಲಿಯವನ ಒಲೆ ಆರಿತು. ಆಜ್ಞೆಯಿತ್ತವನು ಆ ಹಸಿವಿನಿಂದಲೂ ಆ ಭಯದಿಂದಲೂ ಒಂದು ಖಂಡದಷ್ಟು ದೂರವಿದ್ದ.

ಬಿಯಾಫ್ರಾದ ನೋವು ಸುಳ್ಳೇ ಎಂದು ಕೇಳಬಹುದು. ಖಂಡಿತ ಅಲ್ಲ. 1967ರಿಂದ 1970ರವರೆಗಿನ ಯುದ್ಧದಲ್ಲಿ ಗುಂಡಿಗಿಂತ ಹೆಚ್ಚಾಗಿ ಹಸಿವೇ ಅಲ್ಲಿ ಲಕ್ಷಾಂತರ ಜನರನ್ನು, ಅದರಲ್ಲೂ ಮಕ್ಕಳನ್ನು, ಬಲಿ ತೆಗೆದುಕೊಂಡಿತು. ಪ್ರತ್ಯೇಕ ರಾಷ್ಟ್ರವನ್ನು ಬಯಸುವುದು, ಅದಕ್ಕಾಗಿ ವಾದಿಸುವುದು ಅಪರಾಧವಲ್ಲ. ಆದರೆ ಹಸಿವಿನಿಂದ ಸತ್ತವರ ಹೆಸರಿನಲ್ಲಿ ಅವರ ಮೊಮ್ಮಕ್ಕಳ ಅನ್ನವನ್ನೇ ಕಸಿಯುವುದು ಯಾವ ನ್ಯಾಯ?

ಪರದೇಶದ ಜಗಳ ನಮಗೇಕೆ ಎನ್ನುವ ಸರಕಾರಗಳು ‘ಕನಿಷ್ಕ’ ವಿಮಾನವನ್ನು ನೆನೆಯಲಿ. 1985ರ ಜೂನ್ 23ರಂದು ಐರ್ಲೆಂಡಿನ ಬಳಿ ಸಮುದ್ರದ ಮೇಲೆ ಅದು ಸ್ಫೋಟಗೊಂಡು 329 ಜನ ಮಡಿದರು. ಸಂಚು ಹೂಡಿದವರು ಕೆನಡಾದಲ್ಲಿದ್ದ ಖಲಿಸ್ತಾನಿ ಉಗ್ರರು. ಸತ್ತವರಲ್ಲಿ ಹೆಚ್ಚಿನವರು ಕೆನಡಾದ ಪ್ರಜೆಗಳೇ. 2005ರಲ್ಲಿ ಇಬ್ಬರು ಆರೋಪಿಗಳು ಖುಲಾಸೆಯಾದರು. ಶಿಕ್ಷೆಯಾದದ್ದು ಒಬ್ಬನಿಗೆ ಮಾತ್ರ. ಸರಕಾರ, ಪೊಲೀಸ್, ಗುಪ್ತಚರ ಸಂಸ್ಥೆಗಳ ಸಾಲುಸಾಲು ತಪ್ಪುಗಳನ್ನು 2010ರಲ್ಲಿ ಅಲ್ಲಿನ ವಿಚಾರಣಾ ಆಯೋಗವೇ ಎತ್ತಿ ತೋರಿಸಿತು. ನೆರೆಮನೆಯ ಬೆಂಕಿಯೆಂದು ಕೈಕಟ್ಟಿ ಕುಳಿತವನ ಸೂರೇ ಉರಿದಿತ್ತು.

ಹಾಗೆಂದು ತಾಯ್ನಾಡಿನ ಸರಕಾರಗಳು ಅಡ್ಡದಾರಿ ಹಿಡಿಯುವುದೂ ಸಲ್ಲದು. ಅದೇ ಚಳವಳಿಯ ನ್ನಾಮ್ಡಿ ಕಾನುವನ್ನು 2021ರಲ್ಲಿ ಕೀನ್ಯಾದಿಂದ ನೈಜೀರಿಯಾಕ್ಕೆ ಎಳೆದೊಯ್ದ ರೀತಿ ಕಾನೂನುಬಾಹಿರವೆಂದು 2022ರಲ್ಲಿ ನೈಜೀರಿಯಾದ ಮೇಲ್ಮನವಿ ನ್ಯಾಯಾಲಯವೇ ಹೇಳಿತು. ಸುಪ್ರೀಂ ಕೋರ್ಟು 2023ರಲ್ಲಿ ವಿಚಾರಣೆಗೆ ಮತ್ತೆ ಹಾದಿ ಮಾಡಿಕೊಟ್ಟು, 2025ರ ನವೆಂಬರಿನಲ್ಲಿ ಆತನಿಗೆ ಜೀವಾವಧಿ ಶಿಕ್ಷೆಯಾಯಿತು. ಆದರೆ ಅಪಹರಣದ ಕಳಂಕ ಆ ತೀರ್ಪಿನಿಂದ ತೊಳೆದುಹೋಗದು. ಬೆಂಬಲಿಗರಿಗೆ ಆತ ಹುತಾತ್ಮನಾಗಿಯೇ ಕಾಣುವನು. ಫಿನ್ಲೆಂಡಿನಲ್ಲಿ ಸಾಕ್ಷ್ಯವಿತ್ತು, ಪ್ರತಿವಾದಕ್ಕೆ ಎಡೆಯಿತ್ತು, ಶಿಕ್ಷೆಗೆ ಮಿತಿಯಿತ್ತು. ಸೇಡಿಗೂ ನ್ಯಾಯಕ್ಕೂ ಇರುವ ಅಂತರವೇ ಇದು.

ಹೊರನಾಡಿನಲ್ಲಿ ನೆಲೆಸಿದ ಸಾಮಾನ್ಯರಿಗೂ ಇಲ್ಲಿ ಪಾಠವಿದೆ. ತಾಯ್ನಾಡಿನ ಮೇಲಿನ ಮಮತೆಯಿಂದ ದೇಣಿಗೆ ನೀಡುವವನು, ಆ ಹಣ ಅನ್ನವಾಗುವುದೋ ಮದ್ದುಗುಂಡಾಗುವುದೋ ಎಂದು ವಿಚಾರಿಸಲೇಬೇಕು. ಕೊಂದವನಷ್ಟೇ ಕೊಲ್ಲಿಸಿದವನೂ ಹೊಣೆಗಾರ. ತಿಳಿದೂ ತಿಳಿಯದಂತೆ ಥೈಲಿ ಬಿಚ್ಚಿದವನು ನಿರಪರಾಧಿಯೆಂದು ಹೇಳಿಕೊಳ್ಳಲಾರ.